ಎರಡು ಮನೆಯ ಒಂದು ಜೋಡಿ ಎತ್ತು

ಸೆರೆಮನೆಯೊಳಗಿದ್ದವರ ಕ್ಷೇಮಕ್ಕಾಗಿ ದುಡಿದವರು ನಮ್ಮ ಇಲಾಖೆಯಲ್ಲಿ ಹಲವರಿದ್ದಾರೆ. ಆದರೆ ಬಾಗಿಲು ತೆರೆದ ಮೇಲೆ ಆ ಮನುಷ್ಯ ಯಾರ ಅಂಗಳದಲ್ಲಿ ಹೋಗಿ ನಿಲ್ಲಬೇಕು ಎಂಬುದನ್ನು ತಲೆಗೆ ಹಚ್ಚಿಕೊಂಡು ನಿದ್ದೆಗೆಟ್ಟವರೆಂದರೆ, ಈ ವರ್ಷ ಪ್ರೊಬೇಷನ್ ಅಧಿಕಾರಿಯಾಗಿ ನಿವೃತ್ತರಾಗುತ್ತಿರುವ ಶ್ರೀಮತಿ ಸುಲೋಚನಮ್ಮನವರು. ಹೊಗಳಲು ಹೊರಟರೆ "ಸುಮ್ನಿರಿ, ನನಗೇ ಏನೂ ಅರ್ಥ ಆಗಿಲ್ಲ" ಎಂದು ಗದರುತ್ತಾರೆ. ಅದು ವಿನಯದ ಮಾತೆಂದು ನಾವೆಲ್ಲ ಬಹಳ ಕಾಲ ನಂಬಿದ್ದೆವು.

೧೯೭೧ರಲ್ಲಿ ಅವರು ಕಡೂರಿಗೆ ಬಂದಾಗ, ಕೈದಿಗಳಿಗೆ ಬುದ್ಧಿ ಹೇಳಲು ಈ ಹೆಣ್ಣುಮಗಳೇ ಎಂದು ನಕ್ಕವರು ಎಷ್ಟೋ ಮಂದಿ. ತರೀಕೆರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಬಿಡುಗಡೆಯಾದವನೊಬ್ಬನಿಗೆ ಕೆಲಸ ಕೊಡಿಸಿದರು. ಗಿರಾಕಿಗಳು ಮೂಗು ಮುರಿದಾಗ ತಾವೇ ದಿನಾ ಹೋಗಿ ಕೂತು ಅವನ ಕೈಯಿಂದಲೇ ಕಾಫಿ ತರಿಸಿಕೊಂಡು ಕುಡಿದರು. ಮನೆಯಲ್ಲಿ ಕಾಫಿಯೆಂದರೆ ಪಿತ್ತ ಎನ್ನುವ ಮಹಾತಾಯಿ!

ಇಂಥವರನ್ನೂ ತಬ್ಬಿಬ್ಬು ಮಾಡಿದ್ದು ೧೯೭೯ರ ಒಂದು ವಿಚಾರಣೆ. ಅಜ್ಜಂಪುರದ ಕಡೆಯ ಚಿಕ್ಕಬೀರಪ್ಪನೆಂಬ ರೈತ, ಬದುವಿನ ಜಗಳದಲ್ಲಿ ಪಕ್ಕದ ಹೊಲದವನನ್ನು ಗುದ್ದಲಿಯ ಕಾವಿನಿಂದ ಹೊಡೆದು ಕೊಂದು, ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ. ನಡತೆ ಚೆನ್ನಾಗಿದ್ದುದರಿಂದ ಅವಧಿಗೆ ಮೊದಲೇ ಬಿಡಬಹುದೇ ಎಂದು ಎರಡೂ ಮನೆಯವರನ್ನು ಕೇಳಿ ವರದಿ ಮಾಡಬೇಕಿತ್ತು. ಸತ್ತವನ ತಾಯಿ ಈಶ್ವರಮ್ಮ ಶಾಪ ಹಾಕುತ್ತಾಳೆ, ಕೈದಿಯ ಹೆಂಡತಿ ದುರ್ಗಮ್ಮ ಕಾಲಿಗೆ ಬೀಳುತ್ತಾಳೆ ಎಂದು ಎಣಿಸಿಕೊಂಡೇ ಸುಲೋಚನಮ್ಮನವರು ಹೋದದ್ದು.

ಆದದ್ದು ಉಲ್ಟಾ. "ಬಿಡಿಸ್ಕೊಂಡ್ ಬನ್ನಿ ಕಣವ್ವಾ," ಎಂದಳು ಈಶ್ವರಮ್ಮ. "ನನ್ನ ಮಗನ್ನ ತಿಂದೋನು ಅಲ್ಲಿ ಕೂತು ಉಣ್ತಾವ್ನೆ. ಬಂದು ಇಲ್ಲಿ ಗೇಯ್ಲಿ."

ದುರ್ಗಮ್ಮನೋ, "ಬ್ಯಾಡ ಕಣವ್ವಾ, ದಮ್ಮಯ್ಯ!" ಎಂದುಬಿಟ್ಟಳು.

ಕೊಲೆಗೆ ಮುಂಚೆಯೂ ಆ ಎರಡು ಮನೆಗೆ ಒಂದೊಂದೇ ಎತ್ತು. ಎರಡನ್ನೂ ಜೊತೆಗೂಡಿಸಿ ನೇಗಿಲು ಕಟ್ಟಿದರೇ ಉಳುಮೆ. ಗಂಡಸರಿಬ್ಬರೂ ಇಲ್ಲವಾದ ಮೇಲೆ ಬೇರೆ ಯಾರೂ ಎತ್ತು ಕೊಡಲಿಲ್ಲ. ಹೆಣ್ಣು ನೇಗಿಲು ಮುಟ್ಟಬಾರದೆಂದು ಊರೆಲ್ಲ ಬೈದರೂ ದುರ್ಗಮ್ಮನೇ ಮೇಳಿ ಹಿಡಿದಳು, ಈಶ್ವರಮ್ಮ ಎತ್ತಿನ ಮುಂದೆ ನಡೆದಳು. "ಈಗ ಬರ್ಲಿ ಅಂತಾಳೆ ಈಶ್ವರಮ್ಮ. ಅವನ ಮುಖ ಕಂಡ ದಿನ ಎತ್ತು ಬಿಚ್ಕೊಂಡು ಹೋಯ್ತಾಳೆ," ಎಂದು ದುರ್ಗಮ್ಮ ಅತ್ತಳು. "ನನ್ನ ಮಕ್ಳು ಏನು ತಿನ್ಬೇಕು?"

ಸುಲೋಚನಮ್ಮನವರ ತಲೆ ಗಿರ್ರೆಂದಿತು. ಕೈದಿಯ ಕ್ಷೇಮ ನೋಡಲು ಸರ್ಕಾರ ಸಂಬಳ ಕೊಡುತ್ತದೆ, ಸರಿ. ಆ ಕ್ಷೇಮದಿಂದ ಅವನ ಮಕ್ಕಳೇ ಉಪವಾಸ ಬೀಳುವುದಾದರೆ? ಹಾಗೆಂದು ಪಶ್ಚಾತ್ತಾಪಪಟ್ಟವನನ್ನು ಒಳಗೇ ಕೊಳೆಯಲು ಬಿಡುವುದೇ? ಇದೇ ಗುಂಗಿನಲ್ಲಿ ಕಡೂರಿನ ಬಸ್ಸೆಂದು ತರೀಕೆರೆಯ ಬಸ್ಸು ಹತ್ತಿ ಕೂತುಬಿಟ್ಟರು. ಕೊನೆಗೆ ಬಿಡಬಹುದೆಂದೇ ಬರೆದರು. ಬರೆದ ಮೇಲೂ ಅವರಿಗೆ ಸಮಾಧಾನವಿರಲಿಲ್ಲ.

ಬಿಡುಗಡೆಯಾದವನನ್ನು ತಾವೇ ಊರಿಗೆ ಕರೆದೊಯ್ದರು. ಹೊಲದಲ್ಲಿ ಉಳುಮೆ ನಡೆದಿತ್ತು. ಚಿಕ್ಕಬೀರಪ್ಪ ಅದೇ ಬದುವಿನ ಹತ್ತಿರ ಬಂದವನು ಮುಂದೆ ಕಾಲಿಡಲಾರದೆ ನಿಂತ. ಈಶ್ವರಮ್ಮ ಅವನನ್ನು ಕಂಡಳು. ತನ್ನ ಎತ್ತನ್ನು ನೊಗದಿಂದ ಬಿಚ್ಚಿದಳು. ದುರ್ಗಮ್ಮ ಸಾಲಿನಲ್ಲೇ ಕುಸಿದು ಕೂತಳು. ಅಯ್ಯೋ, ನಾನೇ ಈ ಮನೆ ಮುರಿದೆನಲ್ಲ ಎಂದುಕೊಂಡರು ಸುಲೋಚನಮ್ಮನವರು.

ಮುದುಕಿ ಎತ್ತು ಹಿಡಿದು ಬದುವಿನವರೆಗೆ ಬಂದಳು. ಹಗ್ಗವನ್ನು ಅವನ ಕೈಗೆ ತುರುಕಿದಳು.

"ನೀರು ಕುಡ್ಸ್ಕೊಂಡ್ ಬಾ. ಹೊತ್ತು ಏರೈತೆ, ಇನ್ನೂ ಅರ್ಧ ಹೊಲ ಐತೆ."

ಅವನು ಹೋದ ಮೇಲೆ ಸೆರಗು ಬಾಯಿಗಿಟ್ಟು ಅತ್ತ ಆಕೆಯನ್ನು, "ಅವನನ್ನ ಕ್ಷಮಿಸಿದಿರಾ ಅಜ್ಜಿ?" ಎಂದು ಸುಲೋಚನಮ್ಮನವರು ಮೆಲ್ಲಗೆ ಕೇಳಿದರು.

"ಅದೆಲ್ಲ ನಂಗೊತ್ತಿಲ್ಲ ಕಣವ್ವಾ," ಎಂದಳು ಈಶ್ವರಮ್ಮ. "ಎತ್ತಿಗೆ ಬಾಯಾರಿತ್ತು."

ಅಂದಿನಿಂದ ಇಂದಿನವರೆಗೆ ಎಷ್ಟೋ ವರದಿ ಬರೆದ ಸುಲೋಚನಮ್ಮನವರು, ಆ ಉತ್ತರ ತಮಗಿನ್ನೂ ಅರ್ಥವಾಗಿಲ್ಲವೆನ್ನುತ್ತಾರೆ. ಪ್ರತಿ ಮುಂಗಾರಿಗೂ ಆ ಹೊಲಕ್ಕೆ ಹೋಗಿ ಬರುತ್ತಾರೆ. ಈ ಸಲವಂತೂ ರಜೆ ಕೇಳುವ ರಗಳೆಯಿಲ್ಲ. ಅವರಿಗೆ ದೇವರು ತುಂಬು ಆಯಸ್ಸು ಕೊಡಲಿ, ಮೊಣಕಾಲಿಗೆ ಬಲ ಕೊಡಲಿ. ಆ ಬದುವಿನ ಮೇಲೆ ಕೂತು, ಎರಡು ಮನೆಯ ಆ ಮೂವರೂ ಹಂಚಿಕೊಡುವ ಬುತ್ತಿಯನ್ನು ಉಣ್ಣುತ್ತಾ, ಅರ್ಥವಾಗಲಿಲ್ಲ ಎನ್ನುತ್ತಲೇ ಇನ್ನೂ ಬಹುಕಾಲ ಅವರು ನಮ್ಮೊಡನಿರಲಿ.