ಶಬೀನಾಳ ಮೊದಲ ರೋಜಾ

೧೯೯೯ರ ರಂಜಾನ್ ತಿಂಗಳು ಡಿಸೆಂಬರ್ ಚಳಿಯಲ್ಲಿ ಬಂದಿತ್ತು. ಆಗ ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಮದುವೆ, ತೊಟ್ಟಿಲು, ಪಾಸ್‌ಪೋರ್ಟ್ ಸೈಜು, ಏನು ಬಂದರೂ ತೆಗೆಯುತ್ತಿದ್ದೆ. ಮಕ್ಕಳ ಫೋಟೋಕ್ಕೆ ಮಾತ್ರ ಊರಲ್ಲಿ ನನ್ನ ಹೆಸರು ಸ್ವಲ್ಪ ಜೋರಾಗಿತ್ತು. ಅದರ ಗುಟ್ಟು ಇದ್ದದ್ದು ಕ್ಯಾಮೆರಾದಲ್ಲಲ್ಲ, ನನ್ನ ಅಂಗಿಯ ಕಿಸೆಯಲ್ಲಿ. ಅಳುವ ಮಗು, ಮುನಿಸಿಕೊಂಡ ಮಗು, ಎಂಥದೇ ಬರಲಿ, ಕೈಗೊಂದು ಪೆಪ್ಪರಮಿಂಟು ಇಟ್ಟರೆ ಮುಖ ಅರಳುತ್ತಿತ್ತು. ಒಗೆಯಲು ಅಂಗಿ ಎತ್ತಿಕೊಂಡರೆ ಜೊತೆಗೆ ಇರುವೆ ಸಾಲೂ ಬರುತ್ತದೆ ಎಂದು ಹೆಂಡತಿ ಬೈಯುತ್ತಿದ್ದಳು.

ನಮ್ಮ ಓಣಿಯ ಟೇಲರ್ ಒಬ್ಬರ ಮಗಳು ಶಬೀನಾ. ಏಳು ವರ್ಷದವಳು. ಆ ವರ್ಷ ಅವಳು ಮೊದಲ ರೋಜಾ ಹಿಡಿಯುವವಳಿದ್ದಳು. ಮಗು ಮೊದಲ ಸಲ ಇಡೀ ದಿನ ಉಪವಾಸವಿದ್ದರೆ ಅವರ ಮನೆಯಲ್ಲಿ ಅದೊಂದು ಸಣ್ಣ ಮದುವೆಯ ಸಂಭ್ರಮ. ಹೊಸ ಬಟ್ಟೆ, ಸಂಜೆಗೆ ಬೀಗರು ಬಿಜ್ಜರು, ರೋಜಾ ಬಿಡುವ ಹೊತ್ತಿಗೆ ಕೊರಳಿಗೆ ಹೂವಿನ ಹಾರ. ಅಪ್ಪ ತಾನೇ ಕೂತು ಮಗಳಿಗೆ ನೆಲಕ್ಕೆ ತಾಗುವ ಘೇರಿನ ಹಸಿರು ಶರಾರಾ ಹೊಲಿದಿದ್ದರು. “ಸ್ಟುಡಿಯೋದಾಗ ಬ್ಯಾಡ್ರಿ. ಕೆನಾಲ್ ದಂಡಿಗೆ ಕರ್ಕೊಂಡು ಹೋಗಿ ಛಲೋ ಬೆಳಕಿನ್ಯಾಗ ತೆಗೀರಿ” ಎಂದರು.

ನಾಲ್ಕು ಗಂಟೆಗೆ ಶಬೀನಾ, ಅವಳು ದಾದಿ ಎಂದು ಕರೆಯುವ ಅಜ್ಜಿ ಮತ್ತು ನಾನು ಆಟೋದಲ್ಲಿ ಹೋದೆವು. ಕಾಲುವೆಯಾಚೆ ಭತ್ತದ ಕೊಯ್ಲು ಮುಗಿದಿತ್ತು. ರಾಶಿ ತೂರಿದ ಹೊಟ್ಟು ಗಾಳಿಯಲ್ಲಿ ಇನ್ನೂ ತೇಲುತ್ತಿತ್ತು. ಅದರ ಮೇಲೆ ಇಳಿಬಿಸಿಲು ಬಿದ್ದು ಇಡೀ ಬಯಲೇ ಮಂದ ಬಂಗಾರದ ಬಣ್ಣಕ್ಕೆ ತಿರುಗಿತ್ತು. ದೂರದ ಬಂಡೆಗುಡ್ಡಗಳು ಇದ್ದೂ ಇಲ್ಲದ ಹಾಗೆ ಕಾಣುತ್ತಿದ್ದವು. ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಬೆಳಗಿನಿಂದ ಹನಿ ನೀರೂ ಕುಡಿಯದ ಆ ಹುಡುಗಿ ಶರಾರಾ ಎರಡೂ ಕೈಯಲ್ಲಿ ಎತ್ತಿ ಹಿಡಿದು, ನಿದ್ದೆಯಲ್ಲಿ ನಡೆಯುವವಳಂತೆ ಮೆಲ್ಲಗೆ ಕಾಲುವೆಯ ದಂಡೆಗುಂಟ ನಡೆದಳು. ನಾನೂ ಯಾರದೋ ಕನಸಿನೊಳಗೆ ಕ್ಯಾಮೆರಾ ಹಿಡಿದು ಹೊಕ್ಕ ಹಾಗೆ ಅನಿಸಿತು. ಹತ್ತು ಹನ್ನೆರಡು ಫೋಟೋ ತೆಗೆದದ್ದೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹೊತ್ತು ಮುಳುಗುವ ಮುಂಚಿನ ಅಸರ್ ನಮಾಜಿನ ಹೊತ್ತಾಯಿತೆಂದು ದಾದಿ ದೂರದ ಬೇವಿನ ಮರದ ಕೆಳಗೆ ಬಟ್ಟೆ ಹಾಸಿಕೊಂಡರು. ಶಬೀನಾ ಒಂದು ಬಂಡೆಯ ಮೇಲೆ ಕೂತಿದ್ದಳು. ಮುಖ ಬಾಡಿತ್ತು. ಬೆಳಕು ಮಾತ್ರ ಹಾಲಿನಂತೆ ಮೃದುವಾಗಿತ್ತು, ಇನ್ನರ್ಧ ತಾಸಿನಲ್ಲಿ ಹೋಗಿಬಿಡುತ್ತಿತ್ತು. “ಒಂದ್ಸಲ ನಗಬೇಕವಾ” ಎಂದೆ. ಎಷ್ಟೋ ವರ್ಷದ ರೂಢಿ ನೋಡಿ, ನನ್ನ ಕೈ ತಾನಾಗಿ ಕಿಸೆಗೆ ಹೋಯಿತು, ಅವಳ ಕೈ ತಾನಾಗಿ ಮುಂದೆ ಬಂತು. ನಾನು ಹಿಂದೆ ಸರಿದು ಕ್ಯಾಮೆರಾ ಕಣ್ಣಿಗಿಟ್ಟುಕೊಂಡೆ. ಶಬೀನಾ ಕಣ್ಣು ಮುಚ್ಚಿದ್ದಳು. ಒಂದು ಕೆನ್ನೆ ಉಬ್ಬಿತ್ತು. ಎಂಥ ಚಂದದ ಮುಖ ಎಂದುಕೊಂಡು ಬೆರಳನ್ನು ಬಟನ್ ಮೇಲೆ ಇಟ್ಟೆ. ಆಗ ಥಟ್ಟನೆ ನೆನಪಾಗಿ ಕ್ಯಾಮೆರಾ ಕೆಳಗಿಳಿಸಿದೆ.

ಅದೇ ಕ್ಷಣಕ್ಕೆ ಅವಳೂ ಕಣ್ಣು ಬಿಟ್ಟಳು. ಪೆಪ್ಪರಮಿಂಟನ್ನು ಅಂಗೈಗೆ ಉಗುಳಿ, ನನ್ನ ಮುಖ ನೋಡಿದಳು. ಅಳಲಿಲ್ಲ. “ಕಾಕಾ, ನನ್ನ ರೋಜಾ” ಎಂದಷ್ಟೇ ಅಂದಳು.

ದಾದಿ ನಮಾಜು ಮುಗಿಸಿ ಬಂದ ಕೂಡಲೇ ನಾನೇ ಹೇಳಿದೆ, “ಅಮ್ಮಾ, ತಪ್ಪು ನಂದು. ಕೂಸಿಂದು ಏನೂ ಇಲ್ಲ.” ದಾದಿ ಮೊಮ್ಮಗಳ ಎದುರು ಕುಕ್ಕರಗಾಲಲ್ಲಿ ಕೂತು, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಕೇಳಿದರು. “ಬೇಟಿ, ಮರತು ತಿಂದಿದ್ರ ರೋಜಾ ಮುರಿಯಂಗಿಲ್ಲ. ನೆನಪಿದ್ದು ತಿಂದಿದ್ರ ಮುರೀತೈತಿ. ನೀ ಮರತಿದ್ದಿ, ಇಲ್ಲಾ ನೆನಪಿತ್ತು?”

ನಾನು ದಾದಿಯ ಬೆನ್ನ ಹಿಂದೆ ನಿಂತಿದ್ದೆ. ಶಬೀನಾ ತಲೆ ಎತ್ತಿ ನನ್ನ ಕಡೆ ನೋಡಿದಳು. ಆಗ ನಾನು ಮಾಡಿದ ಕೆಲಸ ಇದು: ಕಣ್ಣು ಸಣ್ಣ ಮಾಡಿ, ತಲೆ ಅಲ್ಲಾಡಿಸಿ, ಮರೆತಿದ್ದೆ ಅನ್ನು ಎಂದು ಸನ್ನೆ ಮಾಡಿದೆ. ಅವಳ ಮೇಲೆ ಕರುಣೆ ಇತ್ತು, ನಿಜ. ಮನೆಯಲ್ಲಿ ಅಡುಗೆ ನಡೆದಿತ್ತು, ಬೀಗರು ಬರುವವರಿದ್ದರು. ಆದರೆ ನನ್ನ ತಪ್ಪು ಅಲ್ಲೇ ಮುಚ್ಚಿಹೋಗಲಿ ಎಂಬ ಆಸೆಯೂ ಇತ್ತು.

ಶಬೀನಾ ಅಂಗೈಯಲ್ಲಿದ್ದ ಪೆಪ್ಪರಮಿಂಟನ್ನು ನೋಡಿದಳು, ಆಮೇಲೆ ದಾದಿಯ ಮುಖ ನೋಡಿದಳು.

“ಬಾಯಾಗ ಇಟ್ಕೊಂಡಾಗ ಮರತಿದ್ದೆ ದಾದಿ. ಸಿಹಿ ಹತ್ತಿದ ಮ್ಯಾಲ ನೆನಪಾತು. ನೆನಪಾದ ಮ್ಯಾಲ ಇನ್ನೊಂದ್ಸಲ ಚೀಪಿದೆ. ಒಂದಾ ಸಲ.”

ದಾದಿ ಅವಳನ್ನು ಎದೆಗೆ ಅಪ್ಪಿಕೊಂಡರು. “ಹಂಗಾರ ಇವತ್ತಿಂದು ಹೋತವಾ. ನಿನ್ನಷ್ಟು ಸಣ್ಣಾಕಿಗೆ ಹಿಡೀಲೇಬೇಕಂತೇನಿಲ್ಲ. ಬೇಕಂದ್ರ ನಾಳೆ ನಾನೂ ನೀನೂ ಕೂಡೇ ಹಿಡಿಯೋಣು.”

“ಹಾರ?”

“ಹಾರಾನೂ ನಾಳೇನ.”

“ಮಂದಿ ಬರ್ತಾರಲ್ಲ ದಾದಿ?”

“ಬರ್ಲಿ, ಉಂಡು ಹೋಗ್ಲಿ. ಹಾರ ನಿನ್ನ ರೋಜಾಕ್ಕ, ಮಂದಿಗಲ್ಲ.”

ಆಗ ಅವಳು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ದಾದಿ ನನ್ನನ್ನು ನೋಡಿ, “ನೀ ಯಾಕ ತಮ್ಮಾ? ಸಿಹಿ ಕೊಟ್ಟಿ, ವಿಷ ಕೊಟ್ಟಿಲ್ಲ. ನಾಳೆ ಇದಾ ಹೊತ್ತಿಗೆ ಬಾ” ಎಂದರು.

ಮರುದಿನ ನಾನು ಮನೆಯಲ್ಲಿ ಯಾರಿಗೂ ಹೇಳದೆ ಊಟ ನೀರು ಬಿಟ್ಟೆ. ಅದೇ ಕಾಲುವೆ, ಅದೇ ಹೊಟ್ಟಿನ ಬೆಳಕು, ಸ್ವಲ್ಪ ಮುದುಡಿದ ಅದೇ ಶರಾರಾ. ಶಬೀನಾ ಬಂದವಳೇ, “ಕಾಕಾ, ಮೊದ್ಲ ಕಿಸೆ ತೋರಸ್ರಿ” ಎಂದಳು. ಕಿಸೆ ಹೊರಗೆಳೆದು ತೋರಿಸಿದೆ. ನಗು ಎಂದು ನಾನು ಹೇಳಲಿಲ್ಲ, ಅವಳೂ ನಗಲಿಲ್ಲ. ಒಣಗಿದ ತುಟಿಯ ಆ ಮುಖ ಕ್ಯಾಮೆರಾವನ್ನು ನೆಟ್ಟಗೆ ನೋಡಿತು. ಅಂಥ ಫೋಟೋ ಆಮೇಲೆ ನನ್ನಿಂದ ಆಗಲಿಲ್ಲ. ಸಂಜೆ ಅವರ ಮನೆಯಲ್ಲಿ ಅವಳ ಕೊರಳಿಗೆ ಹಾರ ಬಿತ್ತು. ಅವಳು ಖರ್ಜೂರ ತಿಂದ ಮೇಲೆ ನನ್ನ ಕೈಗೂ ಒಂದು ಕೊಟ್ಟಳು. ಅದರ ರುಚಿ ಈಗಲೂ ನಾಲಿಗೆಯ ಮೇಲಿದೆ.

ಶಬೀನಾಳಿಗೆ ಈಗ ಅವಳದೇ ಮಕ್ಕಳಿದ್ದಾರೆ. ಸ್ಟುಡಿಯೋ ಮುಚ್ಚಿ ನಾನು ಮನೆಯಲ್ಲಿದ್ದೇನೆ. ಮಾಡಿದ ತಪ್ಪನ್ನು ಬಚ್ಚಿಡದೆ ಒಪ್ಪಿಕೊಂಡ ಮನುಷ್ಯ ಎಂದು ಆ ಮನೆಯವರು ಇಂದಿಗೂ ನಾಲ್ಕು ಮಂದಿಯೆದುರು ನನ್ನನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನನಗೆ ತಲೆ ಎತ್ತಲಾಗುವುದಿಲ್ಲ. ನಾನು ಮಾಡಿದ ಸನ್ನೆಯನ್ನು ಆ ಹುಡುಗಿ ದಾದಿಗೆ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಇಷ್ಟು ವರ್ಷವಾದರೂ ಯಾರಿಗೂ ಹೇಳಿಲ್ಲ. ಅದಕ್ಕೇ ಇವತ್ತು ನಾನೇ ಹೇಳಿದ್ದೇನೆ.