ಕುಡಿಯದೆ ಕೆಳಗಿಟ್ಟ ಕಾಫಿ

ಇರ್ಬಿದ್ ಊರಲ್ಲಿ ಯಾರಿಗಾದರೂ ಹೆಣ್ಣು ಕೇಳಬೇಕಿದ್ದರೆ, ಜಗಳ ಬಗೆಹರಿಸಬೇಕಿದ್ದರೆ, ಮೊದಲು ನನ್ನ ಅಣ್ಣ ಹಾಯೆಲ್‌ನ ಟೈರ್ ಅಂಗಡಿಗೆ ಬರುತ್ತಾರೆ. ಹಿರಿಯರನ್ನು ಕಟ್ಟಿಕೊಂಡು ಹೋಗಿ ಕೇಳುವ ಈ 'ಜಾಹಾ' ಕೆಲಸದಲ್ಲಿ ಅವನದು ಎತ್ತಿದ ಕೈ. ಹೋದ ಮನೆಯಲ್ಲಿ ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಡುತ್ತಾನೆ. ಮನೆಯವರು "ಕುಡೀರಿ, ಕೇಳಿದ್ದು ಕೊಟ್ಟಾಯ್ತು" ಅನ್ನುವವರೆಗೆ ಮೀಸೆ ತೀಡುತ್ತಾ ಕೂತಿರುತ್ತಾನೆ. ಬಂದವರು ಕಾಫಿ ಮುಟ್ಟದೆ ಎದ್ದುಹೋದರೆ ಆ ಮನೆಯ ಮಾನ ಹೋದ ಹಾಗೆ. ಹೀಗಾಗಿ ಎಂಥ ಜಗಳಗಂಟನೂ ಕೊನೆಗೆ ಸೋಲುತ್ತಿದ್ದ. ಇದರಿಂದ ಅಣ್ಣನ ತಲೆ ತಿರುಗಿತ್ತು. ಪಟ್ಟು ಹಿಡಿದು ಕೂತರೆ ಸಿಗದಿರುವುದು ಯಾವುದೂ ಇಲ್ಲ ಎಂದುಕೊಂಡಿದ್ದ.

ಊರಿನ ಸಂಸಾರಗಳನ್ನೆಲ್ಲ ಸರಿಮಾಡುತ್ತಾ ತಿರುಗಿದವನು ತನ್ನ ಮನೆಗೆ ಊಟಕ್ಕೆ ಬರುವುದೇ ಅಪರೂಪ. ಅತ್ತಿಗೆ ವಿದಾದ್ ಕಾದೂ ಕಾದೂ ಸಾಕಾಗಿ ಕೋರ್ಟಿಗೆ ಹೋಗಿ ವಿಚ್ಛೇದನ ಪಡೆದಳು. ಅಣ್ಣ ಅವಳ ತವರಿಗೂ ಜಾಹಾ ಒಯ್ದ, ಅಲ್ಲೂ ಕಪ್ಪು ಕೆಳಗಿಟ್ಟ. ಅವಳೇ ಒಳಗಿನಿಂದ ಬಂದು, "ಕುಡಿಯೋದಾದ್ರೆ ಬೇಗ ಕುಡಿ, ಪಾತ್ರೆ ತೊಳೆಯೋದಿದೆ" ಎಂದು ಕಪ್ಪು ಎತ್ತಿಕೊಂಡು ಹೋದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಒಳಗೊಳಗೇ ಮೆಚ್ಚುಗೆಯೂ ಆಯಿತು.

ಅಂದಿನಿಂದ ಅಣ್ಣನಿಗೆ ಊಟ ಸೇರದು, ನಿದ್ದೆ ಬಾರದು. ಟೈರಿಗೆ ಗಾಳಿ ಕೇಳಿ ಬಂದವರ ಮೇಲೆಲ್ಲ ಹರಿಹಾಯುತ್ತಿದ್ದ. ನಾನು ಮನಸ್ಸಿನ ಡಾಕ್ಟರನ್ನು ಹುಡುಕಲು ಹೊರಟೆ. ಮೊದಲು ಸಿಕ್ಕವರು ಕಣ್ಣು ಮುಚ್ಚಿ ಉಸಿರಾಡಿ ಅಂದರು. "ಇಷ್ಟು ವರ್ಷ ನಾನೇನ್ ಮಾಡ್ತಿದ್ದೆ ಅನ್ಕೊಂಡ್ರಿ?" ಎಂದು ಅಣ್ಣ ಎದ್ದು ಬಂದ. ಎರಡನೆಯವರು ನಮ್ಮೂರ ವಾಡಿಕೆಯಂತೆ ಯಾವ ಮನೆತನ ಎಂದು ವಿಚಾರಿಸಿದರು. ನೋಡಿದರೆ ಅವರು ವಿದಾದ್‌ಳ ಸೋದರಮಾವನ ಮಗ. ಚಿಕಿತ್ಸೆಯ ಬದಲು ಮಂಗಳಾರತಿಯಾಯಿತು. ಕೊನೆಗೆ ದೂರದ ಅಕಾಬಾ ಕಡೆಯ ಡಾಕ್ಟರ್ ನಿಬಾಲ್ ಸಿಕ್ಕರು. ಇಲ್ಲಿ ಯಾರಿಗೂ ನೆಂಟರಲ್ಲ.

"ಎಂಥಾ ಸಂಕಟ ಇದ್ರೂ ದಾರಿ ಮಾಡಿಕೊಡ್ತಾರಂತೆ ಕಣೋ ಅಣ್ಣ" ಅಂದಿದ್ದೆ. ಅವನು ಅದನ್ನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡ. ಹೇಳಿದ ದಿನ ಕ್ಲಿನಿಕ್ಕಿನ ಮುಂದೆ ವ್ಯಾನು ನಿಂತು, ಅಂಚಿಗೆ ಜರಿಯಿದ್ದ ನಿಲುವಂಗಿ ತೊಟ್ಟ ನಮ್ಮ ಕುಲದ ಮುದುಕರೆಲ್ಲ ಒಬ್ಬೊಬ್ಬರಾಗಿ ಇಳಿದರು. ಮುಂದೆ ಕಿವಿ ಮಂದವಾದ ದೊಡ್ಡಪ್ಪ ಖಲಫ್. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಡಾಕ್ಟರು ಎಲ್ಲರನ್ನೂ ಒಳಗೆ ಕೂರಿಸಿ ತಾವೇ ಕಾಫಿ ಬಗ್ಗಿಸಿಕೊಟ್ಟರು. ದೊಡ್ಡಪ್ಪ ಕಪ್ಪು ಕೆಳಗಿಟ್ಟರು. ಎಲ್ಲರೂ ಇಟ್ಟರು.

"ಒಂದು ಕೇಳೋಕೆ ಬಂದಿದೀವಿ ಮಗಳೇ."

"ಹೇಳಿ ದೊಡ್ಡಪ್ಪ."

"ನಮ್ಮ ಹುಡುಗನ ಹೆಂಡ್ತೀನ ವಾಪಸ್ ಕೊಡಿಸು."

ಹುಡುಗನ ಮೀಸೆ ಅರ್ಧ ನರೆತಿತ್ತು. ಡಾಕ್ಟರಿಗೆ ನಗು ಬಂದಿರಬೇಕು, ತೋರಿಸಲಿಲ್ಲ.

"ಆಕೆ ನನ್ನ ಮನೆಯಲ್ಲಿಲ್ಲ ದೊಡ್ಡಪ್ಪ. ನನ್ನ ಮನೆಯಲ್ಲಿ ಇರೋದನ್ನ ಕೇಳಿ, ಇಲ್ಲ ಅನ್ನಲ್ಲ."

"ಏನಂದ್ಲು? ಕುಡಿಯೋದಾ?" ಎಂದರು ದೊಡ್ಡಪ್ಪ. "ಇನ್ನೂ ಇಲ್ಲ, ಸುಮ್ನಿರಿ" ಎಂದೆ. ಅಣ್ಣ ಮೀಸೆ ತೀಡುವುದನ್ನು ಬಿಟ್ಟ.

"ಡಾಕ್ಟ್ರೇ," ಎಂದ, "ಸಂಜೆ ಬೀಗ ತೆಗೀತೀನಿ. ಒಳಗೆ ಯಾರೂ ಇರಲ್ಲ ಅಂತ ಗೊತ್ತು, ಆದ್ರೂ 'ಬಂದೆ ಕಣೇ' ಅಂತೀನಿ. ಆಮೇಲೆ ಹೊಸ್ತಿಲು ದಾಟೋಕೆ ಕಾಲು ಬರಲ್ಲ. ನನ್ನ ಮನೆಯೊಳಗೆ ನಾನು ಹೋಗೋ ಹಾಗಾಗ್ಬೇಕು. ಅದು ನಿಮ್ಮ ಮನೇಲಿದ್ಯಾ?"

"ಇದೆ. ನಿಧಾನ ಆಗುತ್ತೆ, ಆದ್ರೆ ಇದೆ. ಕುಡೀರಿ."

ಅಣ್ಣ ಕುಡಿದ. ಮುದುಕರೆಲ್ಲ ಕುಡಿದರು. ಡಾಕ್ಟರು ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಅಷ್ಟು ದೊಡ್ಡ ಗಂಟಲಿನ ಅಳು ನಾನು ಕೇಳಿರಲಿಲ್ಲ. ಮುದುಕರು ನೆಲ ನೋಡಿದರು. ಮರುಕ್ಷಣ ಎಲ್ಲರೂ ಒಟ್ಟಿಗೆ ಆಲಿವ್ ಬೆಳೆಯ ಬಗ್ಗೆ ಜಗಳಕ್ಕೆ ಬಿದ್ದವರಂತೆ ಕಿರುಚತೊಡಗಿದರು.

"ಯಾರೋ ಅಳ್ತಿರೋ ಹಾಗಿದೆಯಲ್ಲ?" ಎಂದರು ದೊಡ್ಡಪ್ಪ.

"ಯಾರೂ ಇಲ್ಲ," ಎಂದರು ಪಕ್ಕದಲ್ಲಿದ್ದ ಮುದುಕರು ಕಣ್ಣೊರೆಸಿಕೊಳ್ಳುತ್ತಾ, "ನೀನೂ ಜೋರಾಗಿ ಮಾತಾಡು."