ಗುಂಡಿ ಮಾವನ ಜೋಡಣೆಗಳು

ನಮ್ಮ ಬೀದಿಯಲ್ಲಿ ಹಳೆಯ ವಿಡಿಯೋ ಗೇಮ್ ಆಡಿಸುವ ಅಂಗಡಿಯಿಟ್ಟಿರುವ ಗುಂಡಿ ಮಾವನಿಗೆ ಗಿರಾಕಿಯ ಮುಖ ಮರೆತರೂ ಹೆಬ್ಬೆರಳು ಮರೆಯುವುದಿಲ್ಲ. ಯಾರಾದರೂ ಒಳಗೆ ಕಾಲಿಟ್ಟರೆ ಸಾಕು, ಗೇಮ್‌ಪ್ಯಾಡಿನ ಗುಂಡಿಗಳನ್ನು ಅವರ ಕೈಗೆ ಒಗ್ಗುವಂತೆ ಬದಲಿಸಿಬಿಡುತ್ತಾನೆ. ಯಾವುದನ್ನು ಒತ್ತಿದರೆ ಗೊಂಬೆ ಹಾರಬೇಕು, ಯಾವುದಕ್ಕೆ ಓಡಬೇಕು ಎಂಬ ಏರ್ಪಾಡೆಲ್ಲ ‘ಟೈಲರ್ ಎಡಗೈ’, ‘ಡ್ರೈವರ್ ಅವಸರ’ ಎಂಬ ಹೆಸರುಗಳಲ್ಲಿ ಯಂತ್ರದೊಳಗೆ ಕೂತಿದೆ. ಯಾವ ಶಾಲೆಯೂ ಕಲಿಸದ ವಿದ್ಯೆ ಇದು. ಸೋತವರು ಗೊಣಗಿದರೆ, “ಗುಂಡಿ ಸರಿಯಾಗೇ ಇದೆ ಕಣಣ್ಣ, ನಿನ್ನ ಬೆರಳಿಗೇ ಬುದ್ಧಿ ಕಮ್ಮಿ” ಎನ್ನುತ್ತಾನೆ. ಅನ್ನುತ್ತಲೇ ಇನ್ನೊಂದು ಜೋಡಣೆ ಹಾಕಿಕೊಡುತ್ತಾನೆ. ಮದುವೆಗೆ ಜೋಡಿ ಹುಡುಕುವವರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲರಿಗೂ ಒಂದೆರಡು ಜೋಡಣೆಗಳಾದರೆ ‘ಅಕ್ಕ’ ಎಂಬ ಹೆಸರಿನಲ್ಲಿ ಮಾತ್ರ ಹನ್ನೊಂದಿವೆ. ಹೋದ ವರ್ಷ ಲಕ್ವ ಹೊಡೆದು ಅವನ ಅಕ್ಕನ ಬಲಗೈ ಬಿದ್ದುಹೋಗಿತ್ತು. ಮೊದಲನೆಯ ಜೋಡಣೆಯಲ್ಲಿ ಎಲ್ಲ ಕೆಲಸವೂ ಎಡಗೈಗೇ. ಕೈ ಚೇತರಿಸಿಕೊಂಡ ಹಾಗೆ ಒಂದೊಂದೇ ಬಲಕ್ಕೆ ಸರಿದಿದೆ. ಹಾರುವ ಗುಂಡಿಯನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಸೋತು ಸೋತು ಅಕ್ಕ ಆಸೆಯನ್ನೇ ಬಿಟ್ಟಾಳೆಂಬ ಭಯ. ನಿನ್ನೆ ನನ್ನೆದುರಿಗೇ ಅವಳು ಗದರಿದಳು: “ಹಾರೋದನ್ನೂ ಬಲಕ್ಕೆ ಹಾಕೋ. ಬಿದ್ರೆ ಗೊಂಬೆ ಬೀಳುತ್ತೆ, ನಾನಲ್ಲ.” ಗೊಂಬೆ ನಾಲ್ಕು ಸಲ ಕಂದಕಕ್ಕೆ ಬಿತ್ತು. ಐದನೆಯ ಸಲ ಹಾರಿ ಆಚೆ ದಡದಲ್ಲಿ ನಿಂತಿತು. ಆ ಹೊಸ ಜೋಡಣೆಗೆ ಹೆಸರು ಹಾಕಲು ಹೋದ ಮಾವ ತಪ್ಪು ತಪ್ಪಾಗಿ ಒತ್ತತೊಡಗಿದ. “ನಿನ್ನ ಕೈಗೇನಾಯ್ತೋ? ಇತ್ತ ಕೊಡು” ಎಂದು ಕಿತ್ತುಕೊಂಡ ಅಕ್ಕ, ತನ್ನ ಹೆಸರನ್ನು ಬಲ ಹೆಬ್ಬೆರಳಿನಿಂದಲೇ ಒಂದೊಂದಕ್ಷರವಾಗಿ ಒತ್ತಿದಳು.